ಬ್ರಿಟನ್ನಿನ ಕೌನ್ಸಿಲರ್ ಒಬ್ರು ಲಾರ್ಡ್ ಆದ ಕಥಿ ಬರೆಯೂದು ಹೆಂಗ? ಧಾರವಾಡದಾಗ ಓದೂ ಹುಡುಗ್ರಿಗೆ

ಸಪ್ತಾಪುರದಾಗ ರೂಮ್ ಮಾಡಿ ಕೆಎಎಸ್‌ಗೆ ಓದೋರು, ಕರ್ನಾಟಕ ಯೂನಿವರ್ಸಿಟಿಯೊಳಗ ಪೊಲಿಟಿಕಲ್ ಸೈನ್ಸ್ ಎಂಎ ಮಾಡೋರು, ಇವ್ರಿಗೆಲ್ಲಾ ಬ್ರಿಟನ್ ಪಾರ್ಲಿಮೆಂಟಿನ ಮ್ಯಾಲಿನ ಮನಿ ಹೌಸ್ ಆಫ್ ಲಾರ್ಡ್ಸ್ ಅಂದ್ರ ನಾಕು ಪಾಯಿಂಟ್ ಬಾಯಿಪಾಠ ಇರ್ತಾವ, ಆದ್ರ ಸೆಮಿನಾರ್‌ಗೆ ಒಬ್ಬ ಲೈಫ್ ಪೀರ್‌ನ, ಅಂದ್ರ ಬದುಕಿರೂ ತನಕಾ ಲಾರ್ಡ್ ಪದವಿ ಸಿಕ್ಕೋರ, ರಾಜಕೀಯ ಜೀವನ ಬರ್ಕೊಂಡು ಬರ್ರಿ ಅಂದ್ರ ಸಾಕು, ಹತ್ತರಾಗ ಒಂಬತ್ತು ಮಂದಿ ಕೆಂಪು ನಿಲುವಂಗಿ ಫೋಟೋದಿಂದ ಶುರು ಮಾಡಿ ಅಲ್ಲೇ ಮುಗಿಸ್ತಾರ. ಹಂಗ ಮಾಡಬ್ಯಾಡ್ರಿ. ಕೌನ್ಸಿಲ್‌ನಿಂದ, ಅಂದ್ರ ನಮ್ಮ ಪಾಲಿಕೆಯಂಥಾ ಊರಿನ ಸಂಸ್ಥೆಯಿಂದ, ಮ್ಯಾಲೆ ಹೋದವ್ರ ಜೀವನದಾಗ ಆ ನಿಲುವಂಗಿ ಕಡೀ ಭಾಗ, ಅದಕ್ಕಿಂತ ಮೊದ್ಲು ಮೂವತ್ತು ನಾಲ್ವತ್ತು ವರ್ಷ ಗಟಾರ, ಶಾಲಿ, ಬಾಡಿಗಿ ಮನಿ, ಬಜೆಟ್ ಅಂತ ಕಳದಿರ್ತಾರ. ಅದನ್ನ ಬರೀಲಿಲ್ಲ ಅಂದ್ರ ಏನೂ ಬರದಂಗಾಗೂದಿಲ್ಲ.

ಮೊದಲ ಕೆಲಸ ಮನುಷ್ಯಾರನ್ನ ಆರಿಸಿಕೊಳ್ಳೂದು. ಎಂಪಿ ಆಗಿ, ಮಿನಿಸ್ಟರ್ ಆಗಿ ಆಮೇಲೆ ಲಾರ್ಡ್ ಆದವ್ರು ಬ್ಯಾಡ, ಅವ್ರ ಬಗ್ಗೆ ಎಲ್ಲಾ ಕಡೆ ಸಿಗ್ತದ. ಕೌನ್ಸಿಲ್‌ದಾಗ ಗಟ್ಟಿಯಾಗಿ ದುಡದವ್ರನ್ನ ಹಿಡೀರಿ. ಲಿಂಕನ್‌ಶೈರ್‌ನ ಗ್ಯಾರಿ ಪೋರ್ಟರ್ ಅದಾರ, ಮೊದ್ಲು ಇಟ್ಟಂಗಿ ಕಟ್ಟೂ ಗೌಂಡಿ ಕೆಲಸ ಮಾಡ್ತಿದ್ರು, ಸೌತ್ ಹಾಲಂಡ್ ಅನ್ನೂ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಲೀಡರ್, ಅಂದ್ರ ಬಹುಮತದ ಗುಂಪಿನ ಮುಖಂಡ, ಆದ್ರು, 2015ರಾಗ ಲಾರ್ಡ್ ಪೋರ್ಟರ್ ಆಫ್ ಸ್ಪಾಲ್ಡಿಂಗ್. ವಿಗನ್‌ನ ಪೀಟರ್ ಸ್ಮಿತ್ ಇದ್ರು, 1991ರಿಂದ 2018ರ ತನಕಾ ಕೌನ್ಸಿಲ್ ಲೀಡರ್, ನಡುವ 1999ರಾಗ ಲಾರ್ಡ್ ಆದ್ರೂ ಲೀಡರ್ ಕುರ್ಚಿ ಬಿಡಲಿಲ್ಲ. ಬ್ರಾಡ್‌ಫರ್ಡ್‌ನ ಮಾರ್ಗರೆಟ್ ಈಟನ್ ಅದಾರ. ನಮ್ಮ ಕಡೆ ಮೂಲದವ್ರು ಬೇಕಂದ್ರ ಶ್ರೀಲಾ ಫ್ಲಾದರ್, ಅವ್ರ ಬಗ್ಗೆ ಮುಂದ ಹೇಳ್ತೀನಿ. ಈ ಗೈಡ್‌ಗೆ ನಾನು ಹಿಡ್ಕೊಂಡಿರೂದು ನ್ಯೂಕಾಸಲ್‌ನ ಜೆರೆಮಿ ಬೀಚಮ್ ಅವ್ರನ್ನ, ಯಾಕಂದ್ರ ಅವ್ರ ಜೀವನದಾಗ ಎಲ್ಲಾ ಮೆಟ್ಟಿಲೂ ಬಿಡಿ ಬಿಡಿಯಾಗಿ ಕಾಣ್ತಾವ.

ಆರಿಸಿದ ಮ್ಯಾಲೆ ಅವ್ರ ಪೂರ್ತಿ ಬಿರುದು ಹುಡುಕ್ರಿ. ಬರೇ ಲಾರ್ಡ್ ಬೀಚಮ್ ಅಂತ ಬಿಡಬ್ಯಾಡ್ರಿ. ಅರಮನಿಯಿಂದ ಹೊಂಡೂ ಪತ್ರದಾಗ ಇರೂದು ಬ್ಯಾರನ್ ಬೀಚಮ್, ಆಫ್ ಬೆನ್‌ವೆಲ್ ಅಂಡ್ ನ್ಯೂಕಾಸಲ್ ಅಪಾನ್ ಟೈನ್. ಇದು ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ದಾಗ ಪ್ರಕಟ ಆಗ್ತದ, ಆನ್‌ಲೈನ್ ಪುಕ್ಕಟ ಸಿಗ್ತದ. ಈಗ ಮ್ಯಾಪ್ ತಗೀರಿ. ಬೆನ್‌ವೆಲ್ ಅಂದ್ರ ನ್ಯೂಕಾಸಲ್ ಊರಿನ ಪಶ್ಚಿಮಕ್ಕ, ಟೈನ್ ನದಿ ಮ್ಯಾಲಿನ ದಿಬ್ಬದಾಗಿರೂ ಒಂದು ಏರಿಯಾ, ಅವ್ರು 1967ರಾಗ ಮೊದಲ ಸಲ ಗೆದ್ದ ವಾರ್ಡು. ಅಂದ್ರ ಹುಬ್ಬಳ್ಳಿ ಕಾರ್ಪೊರೇಟರ್ ಒಬ್ರಿಗೆ ದೇಶದ ದೊಡ್ಡ ಬಿರುದು ಕೊಟ್ಟು, ಅದರಾಗ ಗಣೇಶಪೇಟೆ ಅಂತ ಬರದಂಗ. ಹೆಸರಿನ ಜತಿಗೆ ಯಾವ ಊರು ಇಟ್ಕೊಬೇಕು ಅನ್ನೂದನ್ನ ಪೀರ್ ಆಗೋರು ತಾವ ಸೂಚಿಸ್ತಾರ, ಹಿಂಗಾಗಿ ಅದನ್ನ ನೋಡಿದ್ರ ಅವ್ರು ತಮ್ಮ ಜೀವನದಾಗ ಯಾವುದನ್ನ ದೊಡ್ಡದು ಅಂದ್ಕೊಂಡಾರ ಅಂತ ಗೊತ್ತಾಗ್ತದ. ಫ್ಲಾದರ್ ಅವ್ರದು ಆಫ್ ವಿಂಡ್ಸರ್ ಅಂಡ್ ಮೇಡನ್‌ಹೆಡ್, ಅದು ಅವ್ರು ಕೌನ್ಸಿಲರ್ ಇದ್ದ ಬರೋದ, ಅಂದ್ರ ತನ್ನದ ಕೌನ್ಸಿಲ್ ಇರೂ ಆಡಳಿತ ವಿಭಾಗದ, ಹೆಸರು.

ಆಮೇಲೆ ವಾರ್ಡ್ ಬಗ್ಗೆ ಓದ್ರಿ, ಇದಕ್ಕ ಎರಡು ದಿನ ಹೋದ್ರೂ ಹೋಗ್ಲಿ. ಬೆನ್‌ವೆಲ್, ಎಲ್ಸ್‌ವಿಕ್, ಸ್ಕಾಟ್ಸ್‌ವುಡ್ ಇವೆಲ್ಲಾ ವಿಕರ್ಸ್ ಕಂಪನಿಯ ತೋಪು, ಟ್ಯಾಂಕ್ ಮಾಡೂ ಫ್ಯಾಕ್ಟರಿ ಮ್ಯಾಲೆ ಬದುಕಿದ್ದ ಏರಿಯಾ, ಫ್ಯಾಕ್ಟರಿ ಕರಗತಾ ಬಂದಂಗ ಕೆಲಸ ಹೋತು, ಮನಿ ಖಾಲಿ ಬಿದ್ದು, 1991ರ ಸೆಪ್ಟೆಂಬರ್‌ದಾಗ ಟೈನ್‌ಸೈಡ್‌ದಾಗ ಗಲಾಟೆ ಎದ್ದಾಗ ಅದು ಎಲ್ಸ್‌ವಿಕ್, ಸ್ಕಾಟ್ಸ್‌ವುಡ್ ತನಕಾ ಬಂತು. ಆವಾಗ ಕೌನ್ಸಿಲ್ ಲೀಡರ್ ಯಾರು? ಬೀಚಮ್. ಗಲಾಟೆ ಆಗಿದ್ದು ಎಲ್ಲೋ ದೂರ ಅಲ್ಲ, ಅವ್ರ ವಾರ್ಡಿನ ಬಾಜೂಕ. ಇಷ್ಟು ತಿಳ್ಕೊಂಡು ಆಮೇಲೆ ಅವ್ರ ಜೀವನ ಬರೀರಿ, ತಾನ ಬ್ಯಾರೆ ಆಗ್ತದ.

ಇನ್ನ ಇಸವಿಗೋಳು. ನೋಟ್‌ಬುಕ್‌ದಾಗ ಒಂದು ಪುಟಕ್ಕ ನಡುವ ಗೆರಿ ಹೊಡೀರಿ, ಎಡಕ್ಕ ಮನುಷ್ಯಾರ ಇಸವಿ, ಬಲಕ್ಕ ಕಾನೂನಿನ ಇಸವಿ. ಬೀಚಮ್ ಅವ್ರದು ಎಡಗಡೆ ಹಿಂಗ ಬರ್ತದ: 1944 ಹುಟ್ಟು, ಆಕ್ಸ್‌ಫರ್ಡ್‌ದಾಗ ಓದು, ವಕೀಲಿ, 1967 ಕೌನ್ಸಿಲರ್, 1977 ಲೀಡರ್, 1994 ಲೀಡರ್ ಸ್ಥಾನ ಬಿಟ್ಟಿದ್ದು, ಅದೇ ವರ್ಷ ಸರ್ ಪದವಿ, 1997 ರಿಂದ 2004 ಕೌನ್ಸಿಲ್‌ಗಳ ಒಕ್ಕೂಟ ಆದ ಲೋಕಲ್ ಗವರ್ನ್‌ಮೆಂಟ್ ಅಸೋಸಿಯೇಷನ್‌ಗೆ ಮೊದಲ ಅಧ್ಯಕ್ಷ, 2010 ಲಾರ್ಡ್. ಬಲಗಡೆ ನೋಡ್ರಿ: 1972ರ ಲೋಕಲ್ ಗವರ್ನ್‌ಮೆಂಟ್ ಆಕ್ಟ್, ಜಾರಿಗೆ ಬಂದಿದ್ದು 1974ರ ಏಪ್ರಿಲ್ 1ಕ್ಕ, ಅದರಾಗ ನ್ಯೂಕಾಸಲ್ ಹೋಗಿ ಟೈನ್ ಅಂಡ್ ವೇರ್ ಅನ್ನೂ ದೊಡ್ಡ ಕೌಂಟಿ ಕೆಳಗ ಕುಂತಿತು. 1980ರ ಹೌಸಿಂಗ್ ಆಕ್ಟ್, ಕೌನ್ಸಿಲ್ ಮನಿಯೊಳಗ ಬಾಡಿಗಿ ಇದ್ದೋರು ಅದನ್ನ ಖರೀದಿ ಮಾಡೂ ಹಕ್ಕು. 1984ರ ರೇಟ್ಸ್ ಆಕ್ಟ್, ಕೌನ್ಸಿಲ್ ಎಷ್ಟು ತೆರಿಗಿ ಹಾಕಬೇಕು ಅಂತ ಮ್ಯಾಲಿನ ಸರ್ಕಾರ ಮಿತಿ ಹಾಕೂ ಅಧಿಕಾರ. 1986, ಗ್ರೇಟರ್ ಲಂಡನ್ ಕೌನ್ಸಿಲ್ ಮತ್ತ ಟೈನ್ ಅಂಡ್ ವೇರ್ ಸೇರಿ ಆರು ಮೆಟ್ರೊಪಾಲಿಟನ್ ಕೌಂಟಿ ಕೌನ್ಸಿಲ್ ರದ್ದು. 1990 ಇಂಗ್ಲೆಂಡಿನ್ಯಾಗ ಪೋಲ್ ಟ್ಯಾಕ್ಸ್, ಅಂದ್ರ ದೊಡ್ಡವ್ರಿಗೆಲ್ಲಾ ತಲಿಗಿಷ್ಟು ಅಂತ ತೆರಿಗಿ, 1993 ಅದನ್ನ ತಗದು ಮನಿ ಬೆಲಿ ಮ್ಯಾಲಿನ ಕೌನ್ಸಿಲ್ ಟ್ಯಾಕ್ಸ್.

ಈಗ ಎರಡೂ ಕಡೆ ಕೂಡಿಸಿ ಓದಿದ್ರ ಒಂದು ಮಾತು ಎದ್ದು ಬರ್ತದ. ಬೀಚಮ್ ಲೇಬರ್ ಪಾರ್ಟಿ, 1977ರಿಂದ 1994ರ ತನಕಾ ಹದಿನೇಳು ವರ್ಷ ಲೀಡರ್, ಅದರಾಗ ಮೊದಲ ಎರಡು ವರ್ಷ ಬಿಟ್ರ ಲಂಡನ್‌ದಾಗ ಪೂರಾ ಕನ್ಸರ್ವೇಟಿವ್ ಸರ್ಕಾರ. ಪಾಲಿಕೆ ಒಂದು ಪಾರ್ಟಿದು, ಮ್ಯಾಲಿನ ಸರ್ಕಾರ ಇನ್ನೊಂದು ಪಾರ್ಟಿದು ಆದಾಗ ಅನುದಾನ ಹೆಂಗ ಸಿಗ್ತದ, ಫೈಲ್ ಹೆಂಗ ಓಡಾಡ್ತದ ಅಂತ ನಮಗ ಯಾರೂ ಹೇಳಿಕೊಡೂದ ಬ್ಯಾಡ. ಅಂಥಾದ್ರಾಗ ಅವ್ರು ಹದಿನೈದು ವರ್ಷ ಊರು ನಡಿಸ್ಯಾರ, ಕೈಯಾಗಿನ ಮನಿ ಮಾರಾಟ ಆಗಾಕತ್ತಿದ್ವು, ತೆರಿಗಿ ಹಾಕೂ ಅಧಿಕಾರಕ್ಕ ಮಿತಿ ಬಿತ್ತು, ಅಷ್ಟ ಹೊತ್ತಿನ್ಯಾಗ ಕೌಂಟಿ ಕೌನ್ಸಿಲ್ ರದ್ದಾಗಿ ಅದರ ಕೆಲಸದಾಗ ಒಂದಿಷ್ಟು ನ್ಯೂಕಾಸಲ್ ತಲಿ ಮ್ಯಾಲೆ ಬಂತು. ನಿಮ್ಮ ಲೇಖನದ ಬೆನ್ನೆಲುಬು ಇದ ಆಗಬೇಕು ಅಂತ ನಾ ಅಂತೀನಿ, ಲಾರ್ಡ್ ಪದವಿ ಅಲ್ಲ.

ಇಲ್ಲೆ ಒಂದು ಎಚ್ಚರ ಇರ್ಲಿ. 2000ನೇ ಇಸವಿ ಲೋಕಲ್ ಗವರ್ನ್‌ಮೆಂಟ್ ಆಕ್ಟ್ ಬರೂ ತನಕಾ ಇಂಗ್ಲೆಂಡಿನ ಕೌನ್ಸಿಲ್‌ಗೋಳು ಕಮಿಟಿ ಮ್ಯಾಲೆ ನಡೀತಿದ್ವು, ಹೌಸಿಂಗ್ ಕಮಿಟಿ, ಎಜುಕೇಷನ್ ಕಮಿಟಿ ಹಿಂಗ. ನಿರ್ಣಯ ಕಾನೂನು ಪ್ರಕಾರ ಕಮಿಟಿದು ಇಲ್ಲಾ ಪೂರ್ತಿ ಕೌನ್ಸಿಲ್‌ದು. ಲೀಡರ್ ಅಂದ್ರ ಬಹುಮತ ಇದ್ದ ಗುಂಪಿನ ಮುಖಂಡ, ಮಾತಿಗೆ ತೂಕ ಭಾಳ ಇತ್ತು ಖರೇ, ಆದ್ರ ಒಬ್ರ ಸಹಿ ಹಾಕಿ ಊರು ಬದಲಿಸೂ ಅಧಿಕಾರ ಇರಲಿಲ್ಲ. ಕ್ಯಾಬಿನೆಟ್ ಪದ್ಧತಿ ಬಂದಿದ್ದು 2000ದ ಕಾನೂನಿನಿಂದ. ಅದಕ್ಕ 1985ರ ನಿರ್ಣಯಕ್ಕ ಬೀಚಮ್ ಮಾಡಿದ್ರು ಅಂತ ಬರೀಬ್ಯಾಡ್ರಿ, ಅವ್ರ ಕಾಲದಾಗ ಕೌನ್ಸಿಲ್ ಮಾಡಿತು ಅಂತ ಬರೀರಿ. ಪಾಲಿಕೆ ಸ್ಥಾಯಿ ಸಮಿತಿ ನೋಡಿದೋರಿಗೆ ಇದು ಲಗೂನ ತಿಳೀತದ. ಆದ್ರ ಒಂದು ಫರಕ್ ಐತಿ: ನಮ್ಮಲ್ಲಿ ಕಾರ್ಯಾಂಗದ ಅಧಿಕಾರ ಸರ್ಕಾರ ಕಳಿಸಿದ ಕಮಿಷನರ್ ಕೈಯಾಗ, ಅಲ್ಲಿ ಚೀಫ್ ಎಕ್ಸಿಕ್ಯೂಟಿವ್ ಅನ್ನೋರನ್ನ ಕೌನ್ಸಿಲ್ ತಾನ ಕೆಲಸಕ್ಕ ತಗೋತದ. ಹಿಂಗಾಗಿ ಅಲ್ಲಿನ ಲೀಡರ್‌ನ ನಮ್ಮ ಮೇಯರ್‌ಗೆ ಸಮ ಅಂತ ಬರದ್ರ ಅವ್ರನ್ನ ಸಣ್ಣ ಮಾಡಿದಂಗ ಆಗ್ತದ.

ಮೇಯರ್ ವಿಷಯದಾಗಂತೂ ನಮ್ಮ ಮಂದಿ ಭಾಳ ಗೊಂದಲ ಮಾಡ್ತಾರ, ಅದಕ್ಕ ಬಿಡಿಸಿ ಹೇಳ್ತೀನಿ. ಕಲಬುರ್ಗಿ ಕಡೆಯ ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್ ಬರೋಕ್ಕ 2010-11ರಾಗ ಮೇಯರ್ ಆಗಿದ್ರು, ಥೇಮ್ಸ್ ದಂಡಿ ಮ್ಯಾಲೆ ಬಸವಣ್ಣನ ಮೂರ್ತಿ ನಿಲ್ಲಿಸೂದಕ್ಕ ಓಡಾಡಿದೋರು ಅವ್ರ, 2015ರ ನವೆಂಬರ್ 14ಕ್ಕ ಅದರ ಅನಾವರಣ ಆತು, ನಮಗೆಲ್ಲಾ ಹೆಮ್ಮಿ. ಆದ್ರ ಅವ್ರನ್ನ ಲಂಡನ್ ಮೇಯರ್ ಅಂತ ಬರದೋರು ಎಷ್ಟೋ ಮಂದಿ. ಲಂಡನ್‌ದಾಗ 32 ಬರೋ ಅದಾವ, ಅದರಾಗ ಹೆಚ್ಚಿನವಕ್ಕ ಒಂದೊಂದು ವರ್ಷದ ಗೌರವದ ಮೇಯರ್ ಇರ್ತಾರ, ಸಭಾ ನಡಿಸ್ತಾರ, ಸಮಾರಂಭಕ್ಕ ಹೋಗ್ತಾರ. ಮೇಯರ್ ಆಫ್ ಲಂಡನ್ ಬ್ಯಾರೆ, ಅದು 2000ದಿಂದ ಮಂದಿನ ನೇರ ಓಟು ಹಾಕಿ ಆರಿಸೂದು. ಲಂಡನ್ ನಡುವಿರೂ ಸಣ್ಣ ಹಳೇ ಭಾಗ ಸಿಟಿ ಆಫ್ ಲಂಡನ್, ಅದರ ಲಾರ್ಡ್ ಮೇಯರ್ ಮತ್ತೂ ಬ್ಯಾರೆ. ನ್ಯೂಕಾಸಲ್‌ಗೂ ಒಬ್ಬ ಲಾರ್ಡ್ ಮೇಯರ್ ಇರ್ತಾರ, ಅವ್ರಿಗೂ ಹೌಸ್ ಆಫ್ ಲಾರ್ಡ್ಸ್‌ಗೂ ಯಾವ ಸಂಬಂಧಾನೂ ಇಲ್ಲ. ಇದೊಂದು ಸರಿ ಬರದ್ರ ನಿಮ್ಮ ಪೇಪರ್ ಅರ್ಧ ಮಂದಿಗಿಂತ ಮುಂದ ಇರ್ತದ.

ನೀರಿನ ಸುದ್ದಿನೂ ಒಂದು ಹೇಳಿಬಿಡ್ತೀನಿ. ಹುಬ್ಬಳ್ಳಿ ಹುಡುಗ್ರು ಯಾವ ಪಾಲಿಕೆ ಬಗ್ಗೆ ಓದಿದ್ರೂ ಮೊದ್ಲು ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ ಅಂತ ಹುಡುಕ್ತಾರ, ಅದು ಸಹಜ, ಮಲಪ್ರಭಾ ನೀರಿಗೆ ಕೊಡ ಹಿಡ್ಕೊಂಡು ಕಾದೋರಿಗೆ ಬ್ಯಾರೆ ಏನು ನೆನಪಾಗಬೇಕು. ಆದ್ರ ಇಂಗ್ಲೆಂಡಿನ್ಯಾಗ 1974ರಾಗ ನೀರನ್ನ ಕೌನ್ಸಿಲ್‌ಗಳ ಕೈಯಿಂದ ತಗದು ಪ್ರಾದೇಶಿಕ ಪ್ರಾಧಿಕಾರಗಳಿಗೆ ಕೊಟ್ರು, 1989ರಾಗ ಖಾಸಗಿ ಮಾಡಿದ್ರು. ಅದಕ್ಕ ಅಲ್ಲಿ ಕೌನ್ಸಿಲ್ ಕೆಲಸ ಅಂದ್ರ ಶಾಲಿ, ಬಾಡಿಗಿ ಮನಿ, ವಯಸ್ಸಾದೋರ ಆರೈಕಿ, ಅನಾಥ ಮಕ್ಕಳ ಜವಾಬ್ದಾರಿ, ಲೈಬ್ರರಿ, ಕಸ, ಪ್ಲಾನಿಂಗ್. ನಮ್ಮ ಪಾಲಿಕೆಗಿಲ್ಲದ ಎಷ್ಟೋ ಹೊಣೆ ಅವ್ರಿಗೆ ಐತಿ, ಅದನ್ನ ಓದುಗರಿಗೆ ಎರಡು ಸಾಲಿನ್ಯಾಗ ಹೇಳ್ರಿ.

ಸೋಲನ್ನ ಮುಚ್ಚಬ್ಯಾಡ್ರಿ. ಬೀಚಮ್ 1970ರಾಗ ಟೈನ್‌ಮತ್‌ದಿಂದ ಪಾರ್ಲಿಮೆಂಟಿಗೆ ನಿಂತು ಸೋತ್ರು, ಮುಂದ ಮಂದಿ ಓಟಿನಿಂದ ಆರಿಸೂ ಕೆಳಗಿನ ಮನಿ ಹೌಸ್ ಆಫ್ ಕಾಮನ್ಸ್‌ಗೆ ಅವ್ರು ಹೋಗಲೇ ಇಲ್ಲ. ಅಂದ್ರ ಅವ್ರು ಊರಾಗ ಬೇರು ಬಿಟ್ಟ ರಾಜಕಾರಣಿ. ನಮ್ಮ ಕಡೆ ಕಾರ್ಪೊರೇಟರ್ ಅಂದ್ರ ನಾಳೆ ಎಂಎಲ್‌ಎ ಟಿಕೆಟ್‌ಗೆ ಕಾಯೋರು ಅಂತ ಲೆಕ್ಕ, ಅದಕ್ಕ ಎಂಪಿ ಆಗದ ಹಂಗ ಐವತ್ತೈದು ವರ್ಷ ಒಬ್ಬ ಮನುಷ್ಯ ಕೌನ್ಸಿಲರ್ ಆಗಿದ್ರು ಅಂದ್ರ ನಂಬೂದ ಕಷ್ಟ. ಅವ್ರು ಲೀಡರ್ ಸ್ಥಾನ ಬಿಟ್ಟ ಮ್ಯಾಲೂ ವಾರ್ಡ್ ಬಿಡಲಿಲ್ಲ, ಲಾರ್ಡ್ ಆದ ಮ್ಯಾಲೂ ಬಿಡಲಿಲ್ಲ. 2021ರಾಗ ಲಾರ್ಡ್ಸ್‌ನಿಂದ ನಿವೃತ್ತಿ ತಗೊಂಡ್ರು, ಕೌನ್ಸಿಲ್‌ನಿಂದ ಇಳದಿದ್ದು 2022ರಾಗ. ಈ ಎರಡು ಇಸವಿ ನಿಮ್ಮ ಲೇಖನದಾಗ ಇರಾಕಬೇಕು, ಬಾಜೂ ಬಾಜೂ ಇರಾಕಬೇಕು.

ಈಗ ಲಾರ್ಡ್ಸ್‌ಗೆ ಹೋಗೂ ದಾರಿ. 1958ರ ಲೈಫ್ ಪೀರೇಜಸ್ ಆಕ್ಟ್ ಬರೂ ತನಕಾ ಅಲ್ಲಿ ಹೆಚ್ಚಾಗಿ ಅಪ್ಪನಿಂದ ಮಗಗ ಬರೂ ಪದವಿದೋರ ಕುಂತಿರ್ತಿದ್ರು, ಹೆಣ್ಮಕ್ಕಳಿಗೆ ಜಾಗಾನ ಇರಲಿಲ್ಲ. ಆ ಕಾನೂನಿನಿಂದ ಬದುಕಿರೂ ತನಕಾ ಮಾತ್ರ ಇರೂ ಪದವಿ ಶುರುವಾತು, ಹೆಣ್ಮಕ್ಕಳೂ ಬಂದ್ರು. ಪಾರ್ಟಿಗೋಳು ಹೆಸರು ಕೊಡ್ತಾವ, ಎಷ್ಟು ಮಂದಿ ಅನ್ನೂದು ಪ್ರಧಾನಿ ಕೈಯಾಗ, 2000ದಾಗ ಹುಟ್ಟಿದ ಅಪಾಯಿಂಟ್‌ಮೆಂಟ್ಸ್ ಕಮಿಷನ್ ಹಿನ್ನೆಲೆ ಪರಿಶೀಲನೆ ಮಾಡ್ತದ, ಪಾರ್ಟಿ ಇಲ್ಲದೋರ ಹೆಸರು ಅದೇ ಕಮಿಷನ್ ಶಿಫಾರಸು ಮಾಡ್ತದ, ಕಡೀಕ ರಾಜ ಇಲ್ಲಾ ರಾಣಿ ಹೆಸರಿನ್ಯಾಗ ಪತ್ರ ಹೊಂಡ್ತದ. ಇಲ್ಲೆ ಎಲ್ಲೂ ಓಟು ಇಲ್ಲ. ಪರೀಕ್ಷಾದಾಗ ನಮ್ಮ ವಿಧಾನ ಪರಿಷತ್ ಜತಿಗೆ ಹೋಲಿಕೆ ಕೇಳಿದ್ರ ಇದನ್ನ ಮೊದ್ಲು ಬರೀರಿ. ಪರಿಷತ್ತಿನ 75 ಸ್ಥಾನದಾಗ 25 ಸ್ಥಳೀಯ ಸಂಸ್ಥೆಗಳಿಂದ ಆಯ್ಕೆ ಆಗೂವು, ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಸೇರಿ ಒಂದು ಕ್ಷೇತ್ರ, ಗದಗ ತಾಲೂಕಿನ ಗ್ರಾಮ ಪಂಚಾಯ್ತಿ ಮೆಂಬರ್‌ಗೂ ಹುಬ್ಬಳ್ಳಿ ಕಾರ್ಪೊರೇಟರ್‌ಗೂ ಅದರಾಗ ಓಟು ಐತಿ. 25 ಮಂದಿನ ಎಂಎಲ್‌ಎಗಳು ಆರಿಸ್ತಾರ, ಪದವೀಧರರು 7, ಶಿಕ್ಷಕರು 7, ನಾಮಕರಣ ಬರೇ 11. ಲಾರ್ಡ್ಸ್‌ದಾಗ ಊರಿನ ಕೌನ್ಸಿಲ್‌ಗಳಿಗೆ ಅಂತ ಒಂದ ಒಂದು ಸೀಟೂ ಮೀಸಲಿಲ್ಲ. ಬೀಚಮ್ ಹೋದ್ರು ಅಂದ್ರ ಅವ್ರ ಪಾರ್ಟಿ ಮನಸ್ಸು ಮಾಡಿತು ಅಂತ. ನನಗ ಕೇಳಿದ್ರ ಈ ವಿಷಯದಾಗ ನಮ್ಮ ವ್ಯವಸ್ಥಾನ ಚಲೋ, ಕಡೀಪಕ್ಷ ಪಂಚಾಯ್ತಿ ಮೆಂಬರ್‌ನ ಬಾಗಿಲಿಗೆ ಯಾರಾದ್ರೂ ಓಟು ಕೇಳಾಕ ಬರಬೇಕಾಗ್ತದ. ಆದ್ರ ಅಲ್ಲಿ ಪಾರ್ಟಿಗೋಳು ಪಳಗಿದ ಕೌನ್ಸಿಲ್ ಲೀಡರ್‌ಗಳನ್ನ ಹುಡುಕಿ ಕಳಿಸೂ ರೂಢಿ ಇಟ್ಕೊಂಡಾವಲ್ಲ, ಅದನ್ನ ನಾವು ಕಲೀಬೇಕು. ನ್ಯೂಕಾಸಲ್‌ದ ನೋಡ್ರಿ, 2010ರಾಗ ಲೇಬರ್‌ನ ಬೀಚಮ್ ಲಾರ್ಡ್ ಆದ್ರು, ಅದೇ ವರ್ಷ ಅದೇ ಕೌನ್ಸಿಲ್‌ನ್ಯಾಗ ಎದುರು ಪಾರ್ಟಿ ಲಿಬರಲ್ ಡೆಮಾಕ್ರಾಟ್ ಲೀಡರ್ ಜಾನ್ ಶಿಪ್ಲಿ ಅವ್ರೂ ಲಾರ್ಡ್ ಶಿಪ್ಲಿ ಆಫ್ ಗೋಸ್‌ಫರ್ತ್ ಆದ್ರು. ಊರಿನ ಕೌನ್ಸಿಲ್ ಹಾಲ್‌ನ್ಯಾಗ ಎದುರಾ ಬದುರಾ ಕುಂತೋರು ಅಲ್ಲಿ ಹೋಗಿನೂ ಎದುರಾ ಬದುರಾ.

ಹೆಸರು ಬರೆಯೂ ರೀತಿ ಸಣ್ಣದು, ಆದ್ರ ತಪ್ಪಿದ್ರ ಎದ್ದು ಕಾಣ್ತದ. 1994ರ ತನಕಾ ಜೆರೆಮಿ ಬೀಚಮ್, ಆಮೇಲೆ ಸರ್ ಜೆರೆಮಿ, 2010ರ ಮ್ಯಾಲೆ ಲಾರ್ಡ್ ಬೀಚಮ್. ಲಾರ್ಡ್ ಜೆರೆಮಿ ಅಂತ ಬರೀಬಾರದು, ಹಂಗ ಕರೆಯೂದು ಡ್ಯೂಕ್, ಮಾರ್ಕ್ವೆಸ್ ಅನ್ನೂ ದೊಡ್ಡ ಪದವಿದೋರ ಕಿರಿ ಗಂಡ್ಮಕ್ಕಳಿಗೆ. ಹೆಣ್ಮಕ್ಕಳಿಗೆ ಬ್ಯಾರನೆಸ್.

ಲಾರ್ಡ್ಸ್ ಒಳಗಿನ ಕೆಲಸ ಬರೆಯಾಕ ಹ್ಯಾನ್ಸಾರ್ಡ್ ಬೇಕ ಬೇಕು, ಅಂದ್ರ ಪಾರ್ಲಿಮೆಂಟಿನ ಮಾತಿನ ದಾಖಲೆ, ಎಲ್ಲಾ ಆನ್‌ಲೈನ್ ಪುಕ್ಕಟ. ಮೊದಲ ಭಾಷಣ ಹುಡುಕ್ರಿ, ಅದಕ್ಕ ಮೇಡನ್ ಸ್ಪೀಚ್ ಅಂತಾರ, ಯಾರೂ ನಡುವ ಬಾಯಿ ಹಾಕಂಗಿಲ್ಲ, ಹೊಸಬರು ಸಾಮಾನ್ಯವಾಗಿ ತಮ್ಮ ಊರಿನ ಮಾತು ಅಲ್ಲೇ ಆಡ್ತಾರ. ಆಮೇಲೆ ಅವ್ರ ಎಲ್ಲಾ ಭಾಷಣ ಓದಾಕ ಕುಂದರಬ್ಯಾಡ್ರಿ, ಮುಗಿಯೂದಿಲ್ಲ. ಕೌನ್ಸಿಲ್ ಕಾಲದ ಒಂದು ವಿಷಯ ಹಿಡ್ಕೊಂಡು, ಹೌಸಿಂಗ್ ಅಂದ್ಕೊಳ್ರಿ, ಅದನ್ನ ಅವ್ರ ಹೆಸರಿನ ಜತಿಗೆ ಸರ್ಚ್ ಮಾಡ್ರಿ. ಬೀಚಮ್ ಲೇಬರ್ ವಿರೋಧ ಪಕ್ಷದಾಗಿದ್ದಾಗ ಮುಂದಿನ ಬೆಂಚಿನಿಂದ ಸ್ಥಳೀಯ ಸರ್ಕಾರ ಮತ್ತ ನ್ಯಾಯ ವಿಷಯದ ಮ್ಯಾಲೆ ಮಾತಾಡ್ತಿದ್ರು, ಒಂದು ಅವ್ರ ಕೌನ್ಸಿಲ್ ಅನುಭವ, ಇನ್ನೊಂದು ಅವ್ರ ವಕೀಲಿ. ಊರಾಗ ಕಲ್ತಿದ್ದು ಅಲ್ಲಿ ಹೆಂಗ ಬಳಕಿ ಆತು ಅನ್ನೂದನ್ನ ಒಂದು ಬಿಲ್ ಹಿಡ್ಕೊಂಡು ತೋರಿಸ್ರಿ ಸಾಕು.

ರೊಕ್ಕದ ಪ್ರಶ್ನೆ ವೈವಾದಾಗ ಕೇಳ್ತಾರ. ಸರ್ಕಾರದ ಹುದ್ದೆ ಇಲ್ಲದ ಪೀರ್‌ಗೆ ಪಗಾರ ಇಲ್ಲ, ಹಾಜರಿ ಹಾಕಿದ ದಿನಕ್ಕ ಭತ್ಯೆ, 2010ರಾಗ 300 ಪೌಂಡ್ ಇತ್ತು, ಆಮೇಲೆ ಏರೇತಿ. ಅಧಿಕಾರದ್ದೂ ಮಿತಿ ಐತಿ, 1911 ಮತ್ತ 1949ರ ಪಾರ್ಲಿಮೆಂಟ್ ಆಕ್ಟ್ ಪ್ರಕಾರ ಸಾಮಾನ್ಯ ಬಿಲ್ ಒಂದು ವರ್ಷದಷ್ಟು, ಹಣಕಾಸಿನ ಬಿಲ್ ಒಂದು ತಿಂಗಳು ತಡಿಬಹುದು, ಅಷ್ಟ. ಲಾರ್ಡ್ಸ್ ಮೆಂಬರ್‌ಗೆ ಪಾರ್ಲಿಮೆಂಟ್ ಎಲೆಕ್ಷನ್ನಿನ್ಯಾಗ ಓಟು ಇಲ್ಲ, ಊರಿನ ಕೌನ್ಸಿಲ್ ಎಲೆಕ್ಷನ್ನಿನ್ಯಾಗ ಓಟೂ ಹಾಕಬಹುದು, ನಿಲ್ಲಲೂಬಹುದು.

ಫ್ಲಾದರ್ ಅವ್ರನ್ನ ಆರಿಸಿಕೊಂಡ್ರ ಈ ರೀತಿ ಸ್ವಲ್ಪ ಬದಲಿಸಬೇಕಾಗ್ತದ. ಲಾಹೋರ್‌ದಾಗ 1934ರಾಗ ಹುಟ್ಟಿ, ಲಂಡನ್‌ದಾಗ ಲಾ ಓದಿ, ಶಾಲಿಯೊಳಗ ಪಾಠ ಹೇಳಿ, 1976ರಾಗ ವಿಂಡ್ಸರ್ ಕೌನ್ಸಿಲ್‌ಗೆ ಬಂದ್ರು, 1986-87ರಾಗ ಮೇಯರ್, 1990ರಾಗ ಬ್ಯಾರನೆಸ್, ಲಾರ್ಡ್ಸ್‌ಗೆ ಹೋದ ಮೊದಲ ಏಷ್ಯನ್ ಹೆಣ್ಮಗಳು, ಸೀರಿ ಉಟ್ಕೊಂಡ ಹೋಗ್ತಿದ್ರು. 2008ರಾಗ ಕನ್ಸರ್ವೇಟಿವ್ ಪಾರ್ಟಿ ಬಿಟ್ಟು ಪಾರ್ಟಿ ಇಲ್ಲದೋರು ಕುಂದರೂ ಕ್ರಾಸ್‌ಬೆಂಚಿಗೆ ಹೋದ್ರು. 2024ರಾಗ ತೀರಿಕೊಂಡ್ರು. ಇವ್ರ ವಿಷಯದಾಗ ಕೌನ್ಸಿಲ್ ಬಜೆಟ್‌ಕ್ಕಿಂತ ಹೆಚ್ಚಿನ ಜಾಗಾ ಮೆಮೋರಿಯಲ್ ಗೇಟ್ಸ್‌ಗೆ ಕೊಡ್ರಿ, ಎರಡೂ ಮಹಾಯುದ್ಧದಾಗ ಬ್ರಿಟನ್ ಪರ ಹೊಡದಾಡಿದ ಭಾರತ, ಆಫ್ರಿಕಾ, ಕೆರಿಬಿಯನ್ ಕಡೆ ಸಿಪಾಯಿಗಳ ನೆನಪಿಗೆ ಲಂಡನ್ನಿನ ಕಾನ್ಸ್ಟಿಟ್ಯೂಷನ್ ಹಿಲ್‌ನ್ಯಾಗ 2002ರಾಗ ಎದ್ದ ಸ್ಮಾರಕ ಅದು, ಅದರ ಹಿಂದ ಅವ್ರು ವರ್ಷಗಟ್ಟಲೆ ಬಡದಾಡ್ಯಾರ.

ಟೀಕಾನೂ ಬರೀರಿ, ಬರೇ ಹೊಗಳಿಕಿ ಬ್ಯಾಡ. ಓಟಿಲ್ಲದಂಗ ಬಂದು ಕಾನೂನು ಮಾಡೂ ಮನಿಯೊಳಗ ಕುಂದರೂದು ಸರಿಯೋ ಅಲ್ಲೋ ಅಂತ ಬ್ರಿಟನ್‌ನ್ಯಾಗ ನೂರು ವರ್ಷದಿಂದ ಜಗಳ ನಡದೈತಿ. ಮತ್ತ ಒಂದ ಪಾರ್ಟಿ ದಶಕಗಟ್ಟಲೆ ಒಂದ ಕೌನ್ಸಿಲ್ ಹಿಡ್ಕೊಂಡಿದ್ರ ಆಗೂ ಜಡತ್ವದ ಬಗ್ಗೆನೂ ಅಲ್ಲಿನ ಪೇಪರ್‌ನ್ಯಾಗ ಬರ್ತದ, ನ್ಯೂಕಾಸಲ್‌ದಾಗ 2004ರಾಗ ಲೇಬರ್ ಸೋತಿದ್ದು, 2011ರಾಗ ಮತ್ತ ಗೆದ್ದಿದ್ದು ಸೇರಿಸ್ರಿ.

ಬರೆಯೂ ಹೊತ್ತಿಗೆ ಉದ್ದ ಹಿಂಗ ಹಂಚ್ರಿ: ಹತ್ತು ಪುಟ ಇದ್ರ ಆರು ಕೌನ್ಸಿಲ್‌ಗೆ, ಒಂದು ಅಸೋಸಿಯೇಷನ್‌ಗೆ, ಎರಡು ಲಾರ್ಡ್ಸ್‌ಗೆ, ಒಂದು ಟೀಕಾಕ್ಕ. ಗೈಡ್ ಮಾಡೂ ಸರ್ ಲಾರ್ಡ್ಸ್ ಕಡಿಮಿ ಆತು ಅಂದ್ರ ಇಸವಿ ಪುಟ ತೋರಿಸ್ರಿ, 1967ರಿಂದ 2010ರ ತನಕಾ ನಾಲ್ವತ್ಮೂರು ವರ್ಷ, ಲಾರ್ಡ್ಸ್‌ದಾಗ ಹನ್ನೊಂದು. ಇದರ ಜತಿಗೆ ನಮ್ಮ ಪಾಲಿಕೆಯ ಹಳೇ ಕಾರ್ಪೊರೇಟರ್ ಒಬ್ರದೂ ಇದೇ ರೀತಿ ಮಾಡಾಕ ಮನಸ್ಸಿದ್ರ, ಹುಬ್ಬಳ್ಳಿ, ಧಾರವಾಡ ಎರಡೂ ಊರು ಕೂಡಿ ಪಾಲಿಕೆ ಆದ 1962ರಿಂದ ಬಲಗಡೆ ಗೆರಿ ಶುರು ಮಾಡ್ರಿ, 2021ರ ಎಲೆಕ್ಷನ್ನಿನ್ಯಾಗ 82 ವಾರ್ಡು ಇದ್ವು. ಸಾಮಾನ್ಯ ಸಭಾದ ನಡಾವಳಿ ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕಿ ಕೇಳಬಹುದು, ಅರ್ಜಿಯೊಳಗ ವಾರ್ಡ್ ನಂಬರ್ ಮತ್ತ ಇಸವಿ ಬಿಡಿಸಿ ಬರೀರಿ, ಇಲ್ಲಂದ್ರ ವಾಪಸ್ ಕಳಿಸ್ತಾರ.